ಎಂ.ಎ.ಗೆ ಹೊರಟವನು ಮಗ್ಗದ ಹಿಂದೆ ಕೂತಿದ್ದು

ಮೈಸೂರಿಗೆ ಹೋಗಿ ಇಂಗ್ಲಿಷ್ ಎಂ.ಎ. ಮಾಡಬೇಕೆಂಬ ಹುಚ್ಚು ನನಗೆ ಹತ್ತಿದ್ದು ಎಪ್ಪತ್ತರ ದಶಕದ ಶುರುವಿನಲ್ಲಿ. ಹುಚ್ಚಲ್ಲದೆ ಇನ್ನೇನು! ಕೊಳ್ಳೇಗಾಲದ ನಮ್ಮ ನೇಕಾರರ ಬೀದಿಯಲ್ಲಿ ಬಿ.ಎ. ಪಾಸಾದವನು ನಾನೊಬ್ಬನೇ. ಅಷ್ಟಕ್ಕೇ ಬೀದಿಯವರು ಅಪ್ಪನನ್ನು ತಡೆದು ನಿಲ್ಲಿಸಿ, "ಇನ್ನೂ ಯಾನ್ ಓದ್ಸೀಯಪ್ಪ ಅವನ್ನ? ಒಂದ್ ಮದ್ವೆ ಮಾಡ್ಬುಡು" ಅನ್ನುತ್ತಿದ್ದರು. ಅಪ್ಪ ರೇಷ್ಮೆ ಸೀರೆ ನೇಯುವವನು. ಬೆಳಿಗ್ಗೆ ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತನೆಂದರೆ ಊಟಕ್ಕೆ ಮಾತ್ರ ಮೇಲೇಳುತ್ತಿದ್ದ. ತನ್ನ ಹೆಸರು ಬರೆಯುವುದಕ್ಕಿಂತ ಹೆಚ್ಚಿನ ಅಕ್ಷರ ಅವನಿಗೆ ಬರುತ್ತಿರಲಿಲ್ಲ. ಆದರೆ ಎಂ.ಎ. ಆದಮೇಲೆ ಓದುವುದಕ್ಕೆ ಇನ್ನೇನೂ ಉಳಿಯುವುದಿಲ್ಲ ಅಂತ ಯಾರೋ ಅವನ ಕಿವಿಗೆ ಹಾಕಿದ್ದರು. "ಓದ್ಲಿ ಬುಡಿ, ಅತ್ಲಾಗಿ ಕೊನೆ ಮುಟ್ಟಿಸ್ಬುಡ್ಲಿ" ಅನ್ನುವುದೇ ಅವನ ಉತ್ತರ.

ಆಗ ನಾನು ಹನೂರಿನ ಶಾಲೆಯೊಂದರಲ್ಲಿ ತಾತ್ಕಾಲಿಕ ಮೇಷ್ಟ್ರು. ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ರಾಗಿ ಮೂಟೆ, ಕಾಲು ಕಟ್ಟಿದ ಕೋಳಿ, ಬೆಟ್ಟಕ್ಕೆ ಹೊರಟ ಹರಕೆಯವರು ಇವರೆಲ್ಲರ ನಡುವೆ ಒಂದು ಕಂಬಿ ಹಿಡಿದು ನಿಂತು ಇಂಗ್ಲಿಷ್ ಪದ್ಯಗಳನ್ನು ಮನಸ್ಸಿನಲ್ಲೇ ಒಪ್ಪಿಸಿಕೊಳ್ಳುತ್ತಿದ್ದೆ. ನನ್ನ ತುಟಿ ಅಲ್ಲಾಡುವುದನ್ನು ನೋಡಿದ ಕಂಡಕ್ಟರು ಒಂದು ದಿನ, "ಯಾಕ್ ಸಾ, ಯಾರ್ ಮ್ಯಾಲಾದ್ರೂ ಸಿಟ್ಟಾ?" ಅಂತ ಕೇಳಿದ. ಸಿಟ್ಟಲ್ಲ ಕಣಪ್ಪಾ, ಆಸೆ. ಆದರೆ ಅದನ್ನು ಅಷ್ಟು ಜನರ ಎದುರಿಗೆ ಹೇಳುವುದಕ್ಕಾಗುತ್ತದೆಯೇ? ಟಿಕೆಟ್ ತಗೊಂಡು ಜೇಬಿಗೆ ಹಾಕಿಕೊಂಡೆ.

ಭಾನುವಾರ ಬಂತೆಂದರೆ ಸೈಕಲ್ ತುಳಿದುಕೊಂಡು ಯಳಂದೂರಿಗೆ. ಅಲ್ಲಿ ನಿವೃತ್ತ ಹೆಡ್‌ಮಾಸ್ಟರೊಬ್ಬರಿದ್ದರು. ಅವರ ಮನೆಯಲ್ಲಿ ಒಂದು ಗೋಡೆಯ ತುಂಬ ಇಂಗ್ಲಿಷ್ ಪುಸ್ತಕಗಳು. ವಾರಕ್ಕೊಂದು ಕೊಡುತ್ತಿದ್ದರು, ಆದರೆ ಸುಮ್ಮನೆ ಕೊಡುತ್ತಿರಲಿಲ್ಲ. ಹಿಂದಿನ ವಾರದ ಪುಸ್ತಕದಿಂದ ಒಂದು ಪುಟವನ್ನು ಅವರೆದುರಿಗೆ ಗಟ್ಟಿಯಾಗಿ ಓದಬೇಕು, ಆಮೇಲೆ ಅದರ ಬಗ್ಗೆ ನಾಲ್ಕು ಮಾತನ್ನು ಇಂಗ್ಲಿಷಿನಲ್ಲೇ ಆಡಬೇಕು. ಅಯ್ಯೋ, ಆ ನಾಲ್ಕು ಮಾತು! ನನ್ನ ಇಂಗ್ಲಿಷೆಲ್ಲ ಕಣ್ಣಿನದು. ಕಾಗದದ ಮೇಲೆ ಪುಟಗಟ್ಟಲೆ ಬರೆದೇನು, ಬಾಯಿ ತೆರೆದರೆ ಬೆವರು ಕಿತ್ತುಕೊಂಡು ಬರುತ್ತಿತ್ತು. "ನಿನ್ನ ತಲೆ ಮೈಸೂರು ಸೇರಿಯಾಯ್ತು ಕಣಯ್ಯಾ, ನಾಲಿಗೆ ಮಾತ್ರ ಇನ್ನೂ ಬಸ್ ಸ್ಟ್ಯಾಂಡಲ್ಲಿ ನಿಂತಿದೆ" ಅಂತ ಅವರು ನಗುತ್ತಿದ್ದರು. ಅವರು ನಕ್ಕರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಮುಂದಿನ ಭಾನುವಾರ ಹೋಗುತ್ತಿದ್ದೆ.

ಅರ್ಜಿ ಕೊಡಲು ಮೈಸೂರಿಗೆ ಹೋದ ದಿನವನ್ನು ಎಷ್ಟು ಸಲ ನೆನೆಸಿಕೊಂಡಿದ್ದೇನೋ ಲೆಕ್ಕವಿಲ್ಲ. ಅರ್ಜಿ ಕೊಟ್ಟು ಬಂದವನು ವಿಶ್ವವಿದ್ಯಾಲಯದ ಲೈಬ್ರರಿಯ ಓದುವ ಕೋಣೆಯ ಬಾಗಿಲಲ್ಲಿ ನಿಂತುಬಿಟ್ಟೆ. ಉದ್ದನೆಯ ಮೇಜುಗಳು, ಎತ್ತರದ ಕಿಟಕಿಗಳು. ಒಬ್ಬಳು ಹುಡುಗಿ ಪುಸ್ತಕದ ಮೇಲೆ ಕೈಯಿಟ್ಟುಕೊಂಡು ಹೊರಗೆ ನೋಡುತ್ತ ಕೂತಿದ್ದಳು. ಅವಳನ್ನು ಯಾರೂ ಯಾವ ಕೆಲಸಕ್ಕೂ ಕರೆಯುತ್ತಿರಲಿಲ್ಲ. ಹಾಗೆ ಕೂರಬೇಕು, ಎರಡು ವರ್ಷ ಹಾಗೆ ಕೂತರೆ ಸಾಕು, ಆಮೇಲೆ ಏನಾದರೂ ಆಗಲಿ ಅನ್ನಿಸಿತು. ಹೊರಗೆ ಮರದ ಕೆಳಗೆ ನನ್ನ ಹಾಗೆಯೇ ಅರ್ಜಿ ಕೊಡಲು ಬಂದ ನಾಲ್ಕೈದು ಜನ ನಿಂತಿದ್ದರು. ತಮ್ಮತಮ್ಮಲ್ಲೇ ಇಂಗ್ಲಿಷಿನಲ್ಲಿ ಮಾತಾಡಿಕೊಂಡು, ಇಂಗ್ಲಿಷಿನಲ್ಲೇ ಜೋಕು ಹೊಡೆದು ನಗುತ್ತಿದ್ದರು. ನಾನು ಅವರ ಪಕ್ಕದಲ್ಲಿ ಹಾಯದೆ ಸುತ್ತುಬಳಸಿ ಗೇಟಿಗೆ ಬಂದೆ.

ಇಂಟರ್‌ವ್ಯೂ ಕಾಗದ ಬಂತು. ಶುಕ್ರವಾರ ಬೆಳಿಗ್ಗೆ ಹಾಜರಾಗಬೇಕು, ಬರದಿದ್ದರೆ ಸೀಟು ಬೇರೆಯವರಿಗೆ. ಅಪ್ಪ ಆ ಕಾಗದವನ್ನು ದೇವರ ಪಟದ ಹಿಂದೆ ಇಟ್ಟ. ಅವ್ವ ನನ್ನ ಎರಡು ಅಂಗಿಗಳನ್ನು ಇಸ್ತ್ರಿಗೆ ಕೊಟ್ಟು ತಂದಳು. ಬುಧವಾರ ಮಗ್ಗದ ಮೇಲೆ ಒಂದು ಸೀರೆ ಮುಗಿದಿತ್ತು. ನೇಯ್ದವನೇ ಸೀರೆ ಇಳಿಸುವುದು ನಮ್ಮಲ್ಲಿ ರೂಢಿ. ಇಳಿಸುವುದು ಅಂದರೆ ಕತ್ತರಿಸುವುದೇ. ಆದರೆ ಮಗ್ಗದ ಮುಂದೆ ಆ ಮಾತು ಆಡಬಾರದು. ಊದುಬತ್ತಿ ಹಚ್ಚಿ, ಕತ್ತರಿಗೆ ಕುಂಕುಮ ಇಟ್ಟು, ಅಪ್ಪ ಅದನ್ನು ನನ್ನ ಕೈಗೆ ಕೊಟ್ಟ. "ದೊಡ್ಡ ಓದ್ಗೆ ಒಂಟಿದ್ದೀಯ. ನಿನ್ ಕೈಲೇ ಇಳ್ಸು ಇವತ್ತು" ಅಂದು, ಕೈಕಾಲು ತೊಳೆಯಲು ಹಿತ್ತಲಿಗೆ ಹೋದ.

ನೇಕಾರರ ಮನೆಯಲ್ಲಿ ಹುಟ್ಟಿದ ಹಸುಗೂಸಿಗೂ ಗೊತ್ತಿರುವ ಸಂಗತಿ ಒಂದಿದೆ. ಸೀರೆ ಇಳಿಸಿದರೂ ಮಗ್ಗವನ್ನು ಬರಿದು ಮಾಡಬಾರದು. ಹಾಸಿನ, ಅಂದರೆ ಉದ್ದಕ್ಕೆ ಬಿಗಿದ ನೂಲಿನ, ಕೊನೆಯ ಗೇಣುದ್ದದ ಬಾಲ ಎಳೆ ಎತ್ತಿ ಇಳಿಸುವ ಕುಣಿಕೆಗಳಲ್ಲಿ, ಬಾಚಣಿಗೆಯಂಥ ಹಣಿಗೆಯ ಹಲ್ಲುಗಳ ನಡುವೆ ಹಾಗೇ ಉಳಿಯಬೇಕು. ಹೊಸ ಹಾಸು ಬಂದಾಗ ಬೆರಳಿಗೆ ಬೂದಿ ಮುಟ್ಟಿಸಿಕೊಂಡು, ಹೊಸ ಎಳೆಯನ್ನು ಹಳೆಯ ಎಳೆಗೆ ಒಂದೊಂದಾಗಿ ಹೊಸೆಯುತ್ತಾರೆ. ಹಳೆಯದು ಹೊಸದನ್ನು ಎಳೆದುಕೊಂಡು ಹೋಗುತ್ತದೆ. ಆ ಬಾಲ ಕಳಚಿತೋ, ಸಾವಿರಾರು ಎಳೆಗಳನ್ನೂ ಮೊದಲಿಂದ ಒಂದೊಂದೇ ಕುಣಿಕೆಗೆ, ಒಂದೊಂದೇ ಹಲ್ಲಿಗೆ ಪೋಣಿಸಬೇಕು. ಅದು ಇಬ್ಬರು ಕೂತು ಮಾಡುವ ನಾಲ್ಕೈದು ದಿನದ ಕೆಲಸ. ಹಿಂದಿನಿಂದ ಒಬ್ಬ ಎಳೆ ಕೊಡಬೇಕು, ಮುಂದಿನಿಂದ ಒಬ್ಬ ಕೊಕ್ಕೆಯಲ್ಲಿ ಎಳೆದುಕೊಳ್ಳಬೇಕು.

ನನ್ನ ಮನಸ್ಸು ಆಗಲೇ ಶುಕ್ರವಾರದ ಇಂಟರ್‌ವ್ಯೂನಲ್ಲಿ ಕೂತಿತ್ತು. ಏನು ಕೇಳುತ್ತಾರೆ, ನಾನು ಏನು ಹೇಳಲಿ ಅಂತ ಇಂಗ್ಲಿಷಿನಲ್ಲಿ ವಾಕ್ಯ ಜೋಡಿಸುತ್ತ ಕತ್ತರಿ ಹಾಕಿದೆ. ನೇಯ್ದ ಬಟ್ಟೆ ಮುಗಿಯುವಲ್ಲಿ, ಹಣಿಗೆಯ ಮುಂದೆ ಹಾಕಬೇಕಾದ ಕತ್ತರಿಯನ್ನು ಕುಣಿಕೆಗಳ ಹಿಂದೆ ಹಾಕಿದ್ದೆ. ಸೀರೆಯನ್ನು ಮುಂದಕ್ಕೆ ಎಳೆದುಕೊಂಡೆ, ಅಷ್ಟೂ ಎಳೆಗಳು ಕುಣಿಕೆಗಳಿಂದ, ಹಣಿಗೆಯಿಂದ ಸರಸರನೆ ಜಾರಿ ಸೀರೆಯ ಜೊತೆಗೇ ನನ್ನ ಮಡಿಲಿಗೆ ಬಂದವು. ಮಗ್ಗ ಬರಿದಾಗಿ ನಿಂತಿತು.

ಹಿತ್ತಲಿನಿಂದ ಬಂದ ಅಪ್ಪ ನೋಡಿದ. ಬೈದಿದ್ದರೆ ಚೆನ್ನಾಗಿತ್ತು. "ಯಾನ್ಲಾ ಮಾಡ್ಬುಟ್ಟೆ" ಅಂದವನು ಮಗ್ಗದ ಕಟ್ಟೆ ಮೇಲೆ ಕುಸಿದು ಕೂತ. ಮದುವೆ ಮನೆಯೊಂದಕ್ಕೆ ಇನ್ನೂ ಎರಡು ಸೀರೆ ಒಪ್ಪಿಕೊಂಡಿದ್ದ. ಅವ್ವನಿಗೆ ಕಣ್ಣು ಮಂಜು, ಎಳೆ ಕೊಡಲಾರಳು. ಸುದ್ದಿ ತಿಳಿದು ಎದುರುಮನೆಯ ಮುದುಕ ನೇಕಾರ ಬಂದ. ಬರಿದಾದ ಹಣಿಗೆಯ ಮೇಲೆ ಕೈಯಾಡಿಸಿ, "ಆದ್ದು ಆಗೋಯ್ತು. ನಾ ಕುಂತ್ಕೊಂಡು ಎಳೆ ಕೊಡ್ತೀನಿ, ನಿನ್ ಮಗ ಮೈಸೂರ್ಗೆ ಓಗ್ಲಿ" ಅಂದ. ಅಪ್ಪನ ಮುಖಕ್ಕೆ ಜೀವ ಬಂತು. "ಓಗ್ಲಾ, ನೀನ್ ಓಗು. ಇದ್ರ ಚಿಂತೆ ನಿಂಗ್ ಬ್ಯಾಡ" ಅಂದ.

ಗುರುವಾರ ಮಧ್ಯಾಹ್ನದ ಬಸ್ಸಿಗೆ ಹೊರಡಬೇಕು. ಇಸ್ತ್ರಿ ಅಂಗಿ ತೊಟ್ಟುಕೊಂಡೆ, ಚೀಲವನ್ನು ಹೆಗಲಿಗೆ ಹಾಕಿಕೊಂಡೆ. ನಡುಮನೆಯಲ್ಲಿ ಅಪ್ಪನೂ ಮುದುಕನೂ ಎಳೆ ಪೋಣಿಸಲು ಶುರುಮಾಡಿದ್ದರು. ಹೊಸ್ತಿಲ ಹತ್ತಿರ ಬಂದಾಗ ಮೈಸೂರಿನ ಆ ಮರದ ಕೆಳಗಿನ ನಗು ಕಿವಿಯಲ್ಲಿ ಕೇಳಿತು. ಕುರ್ಚಿಯಲ್ಲಿ ಕೂರಿಸಿ ಇಂಗ್ಲಿಷಿನಲ್ಲಿ ಏನೋ ಕೇಳುತ್ತಾರೆ, ನಾನು ಬಾಯಿ ತೆರೆಯುತ್ತೇನೆ, ಏನೂ ಬರುವುದಿಲ್ಲ. ಚೀಲ ಕೆಳಗಿಟ್ಟೆ, ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದೆ, ಮುದುಕನನ್ನು ಎಬ್ಬಿಸಿ ಮಗ್ಗದ ಹಿಂದೆ ನಾನೇ ಕೂತೆ. "ನಿನ್ನ ಈ ಸ್ಥಿತೀಲಿ ಬಿಟ್ಟು ಹ್ಯಾಗಪ್ಪಾ ಹೋಗ್ಲಿ?" ಅಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು, ಕನ್ನಡದಲ್ಲಿ!

ಅಪ್ಪ ಗದರಿಸಿದ, ಅಂಗಲಾಚಿದ, ಕೊನೆಗೆ ಸೋತು ಕೊಕ್ಕೆ ಹಿಡಿದ. ಐದು ದಿನ ನಾನು ಎಳೆ ಕೊಟ್ಟೆ, ಅವನು ಎಳೆದುಕೊಂಡ. ಶುಕ್ರವಾರ ಬೆಳಿಗ್ಗೆ ಕಾಗದದಲ್ಲಿದ್ದ ಹೊತ್ತು ಆದಾಗ ಅಪ್ಪನ ಕೈ ಒಂದು ಗಳಿಗೆ ನಿಂತಿತು, ನಾನು ತಲೆ ಎತ್ತಲಿಲ್ಲ. ಬೀದಿಯಲ್ಲೆಲ್ಲ ನನ್ನದೇ ಮಾತು. "ಮಗ ಅಂದ್ರೆ ಇಂಗಿರ್ಬೇಕು" ಅಂತ ಹೆಂಗಸರು ಬಂದು ನೋಡಿಕೊಂಡು ಹೋದರು. ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ನನಗೆ ನೆಲ ಬಿರಿದು ನುಂಗಬಾರದೇ ಅನ್ನಿಸುತ್ತಿತ್ತು.

ಯಳಂದೂರಿನ ಹೆಡ್‌ಮಾಸ್ಟರು ಮಾತ್ರ ಹೊಗಳಲಿಲ್ಲ. ನನ್ನ ಕಥೆಯನ್ನೆಲ್ಲ ಕೇಳಿಸಿಕೊಂಡು, ಕನ್ನಡಕ ತೆಗೆದು, "ಹೆದರಿಕೊಂಡೆ, ಅಲ್ವೇನಯ್ಯಾ?" ಅಂದರು. ನನಗೆ ಎಲ್ಲಿತ್ತೋ ಸಿಟ್ಟು! ಮಗ್ಗದ ಕಷ್ಟ ನಿಮಗೇನು ಗೊತ್ತು ಅಂತ ಕೂಗಾಡಿ ಎದ್ದು ಬಂದೆ. ಮತ್ತೆ ಆ ಮನೆಗೆ ಹೋಗಲಿಲ್ಲ. ಮುಂದಿನ ವರ್ಷ ಮತ್ತೆ ಅರ್ಜಿ ಹಾಕಬಹುದಿತ್ತು. ಆದರೆ ಅಷ್ಟರಲ್ಲಿ ಹನೂರಿನ ಕೆಲಸ ಕಾಯಂ ಆಗಿತ್ತು, ಮನೆಗಾಗಿ ಓದು ಬಿಟ್ಟವನು ಅನ್ನುವ ಹೆಸರೂ ಗಟ್ಟಿಯಾಗಿತ್ತು. ಮೈಸೂರಿಗೆ ಹೋದಾಗಲೆಲ್ಲ ಆ ಓದುವ ಕೋಣೆಯ ಕಟ್ಟಡದ ಮುಂದಿನ ರಸ್ತೆಯಲ್ಲೇ ನಡೆಯುತ್ತಿದ್ದೆ. ಒಳಗೆ ಹೋಗಿ ಒಂದು ಗಳಿಗೆ ಆ ಮೇಜಿನ ಮುಂದೆ ಕೂತರೆ ಯಾರೂ ಬೇಡ ಅನ್ನುತ್ತಿರಲಿಲ್ಲವೇನೋ. ಕೂರಲಿಲ್ಲ. ಆದರೆ ಆಸೆ ಹೋಗಲಿಲ್ಲ, ಈಗಲೂ ಹೋಗಿಲ್ಲ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಅಪ್ಪ ಹಾಸಿಗೆ ಹಿಡಿದ. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದೆ. ಲೋಟ ಪಕ್ಕಕ್ಕೆ ಸರಿಸಿ ನನ್ನ ಕೈ ಹಿಡಿದುಕೊಂಡ. "ನನ್ ಮಗ್ಗ ನಿನ್ ಓದ ತಿಂದಾಕ್ಬುಡ್ತು ಕಣ್ಲಾ. ಅವತ್ತು ನಿನ್ ರಟ್ಟೆ ಇಡ್ದು ಬಸ್ಸಿಗತ್ತಿಸ್ಬೇಕಿತ್ತು ನಾನು. ಮನ್ಸಲ್ಲಿ ಮಡಿಕಬ್ಯಾಡ" ಅಂದ.

ಇಷ್ಟು ವರ್ಷ ಅವನು ಇದನ್ನು ಹೊತ್ತುಕೊಂಡಿದ್ದ! ಈಗಲಾದರೂ ಹೇಳಿಬಿಡಬೇಕು ಅಂತ ಬಾಯಿ ತೆರೆದೆ. "ನಿನ್ನ ಮಗ್ಗದ ತಪ್ಪಲ್ಲ ಕಣಪ್ಪಾ. ನಿಂದೇನೂ ತಪ್ಪಿಲ್ಲ" ಅಂದೆ. ನಾನು ಹೆದರಿದೆ ಅನ್ನುವ ಮುಂದಿನ ಮಾತು ಗಂಟಲು ದಾಟಲಿಲ್ಲ. ಅಪ್ಪ ಪಕ್ಕದಲ್ಲಿ ಕೂತಿದ್ದ ಅವ್ವನ ಕಡೆ ತಿರುಗಿ, "ನೋಡ್ದಾ, ಈಗ್ಲೂ ನನ್ ಮ್ಯಾಲೆ ತಪ್ಪು ಆಕಲ್ಲ ನನ್ ಮಗ" ಅಂದ.