ಅಕ್ಕೋರು ಟೈಪ್ ಮಾಡಿದ ಪಟ್ಟಿ

ಮೊನ್ನೆ ನಮ್ಮ ಕ್ಲಬ್ಬಿನ ಹೊಸ ಜರ್ಸಿಗಳ ಪಾರ್ಸಲ್ ಬಿಡಿಸಿಕೊಳ್ಳಲು ಲಾರಿ ಆಫೀಸಿಗೆ ಹೋಗಿದ್ದೆ. ಅಲ್ಲಿಯ ಗುಮಾಸ್ತ ರಸೀದಿ ಪುಸ್ತಕ ತೆರೆದು ಹಾಳೆಗಳ ನಡುವೆ ನೀಲಿ ಕಾರ್ಬನ್ ಕಾಗದ ಸರಿಸಿದ. ಆ ವಾಸನೆ ಮೂಗಿಗೆ ಬಡಿಯಿತು. ಸಹಿ ಎಲ್ಲಿ ಮಾಡಬೇಕೆಂದು ಅವನು ಎರಡು ಸಲ ತೋರಿಸಬೇಕಾಯಿತು. ಜೇಬಿನಲ್ಲಿ ಫೋನು ಬಡಬಡಿಸುತ್ತಲೇ ಇತ್ತು. ಲೀಗಿಗೆ ಆಟಗಾರರ ಪಟ್ಟಿ ಕೊಡಲು ಇನ್ನು ಎರಡೇ ದಿನ, ಕಡೆಯ ಜಾಗಕ್ಕೆ ಯಾರು ಎಂದು ಗ್ರೂಪಿನಲ್ಲಿ ಹುಡುಗರು ಜಗಳ ಹಚ್ಚಿದ್ದರು. ನಡುವೆ ಒಬ್ಬ ನನ್ನನ್ನೇ ಕುರಿತು ಬರೆದಿದ್ದ: ‘ಈ ಸಲ ಪಟ್ಟಿ ಕಾಕಾನ ಬರೀಲಿ, ಅವರಿಗೆ ಅನುಭವ ಅದ.’

ಅನುಭವ... ಇದೆ, ಇಲ್ಲ ಎನ್ನಲಾರೆ.

ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಒಬ್ಬರು ಮನೆಯ ಮುಂದಿನ ಕೋಣೆಯಲ್ಲಿ ಐದು ಮಷೀನು ಇಟ್ಟುಕೊಂಡು ಟೈಪಿಂಗ್ ಕಲಿಸುತ್ತಿದ್ದರು. ನಮ್ಮ ಕಡೆ ಕಲಿಸುವ ಹೆಂಗಸರೆಲ್ಲ ಅಕ್ಕೋರೇ, ಇವರು ಟೈಪಿಂಗ್ ಅಕ್ಕೋರು. ನಾನೂ ಅಲ್ಲೇ ಕಲಿತವನು. ಕೀಲಿ ನೋಡಿಕೊಂಡು ಹೊಡೆದರೆ ನಮ್ಮ ಕೈಗಳ ಮೇಲೆ ಟವೆಲ್ ಹೊದಿಸಿಬಿಡುತ್ತಿದ್ದರು. ಫುಟ್‌ಬಾಲ್ ಎಂದರೆ ಅವರಿಗೆ ಅಷ್ಟಕ್ಕಷ್ಟೇ, ಆದರೂ ಪ್ರತಿ ವರ್ಷ ನಮ್ಮ ಓಣಿಯ ಕ್ಲಬ್ಬಿನ ಆಟಗಾರರ ಪಟ್ಟಿಯನ್ನು ಲೀಗಿಗೆ ಟೈಪ್ ಮಾಡಿಕೊಡುತ್ತಿದ್ದವರು ಅವರೇ. ಮೂರು ಪ್ರತಿ, ನಡುವೆ ಎರಡು ಕಾರ್ಬನ್. ಒಂದಕ್ಷರ ತಿದ್ದಿದ್ದರೂ ಲೀಗಿನವರು ತೆಗೆದುಕೊಳ್ಳುತ್ತಿರಲಿಲ್ಲ. ಅದಕ್ಕೆ ಅಕ್ಕೋರು ಒಂದು ಪದ್ಧತಿ ಇಟ್ಟುಕೊಂಡಿದ್ದರು. ಟೈಪ್ ಆದ ಮೇಲೆ, ಕಾಗದ ಮಷೀನಿನಲ್ಲಿರುವಾಗಲೇ, ಎಲ್ಲವನ್ನೂ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಅವರು ಕೊಟ್ಟ ಕಾಗದವನ್ನು ಯಾರೂ ಮತ್ತೆ ಬಿಚ್ಚಿ ನೋಡುತ್ತಿರಲಿಲ್ಲ.

ಆ ವರ್ಷ ಪಟ್ಟಿ ಕೊಡುವ ಕಡೆಯ ದಿನ ನಾವು ಅಭಿಮಾನಿಗಳೆಲ್ಲ ಅಕ್ಕೋರ ಕೋಣೆಯಲ್ಲಿ ತುಂಬಿಕೊಂಡಿದ್ದೆವು. ಆಟಗಾರರು ಕೆಲಸಕ್ಕೆ ಹೋಗಿದ್ದರು, ಆಡದ ನಮಗೇ ಎಲ್ಲ ಚಿಂತೆ. ಪಟ್ಟಿಯಲ್ಲಿ ಹದಿನೆಂಟು ಹೆಸರಿಗಷ್ಟೇ ಜಾಗ, ಐದು ಗಂಟೆಗೆ ಲೀಗ್ ಆಫೀಸು ಬಾಗಿಲು ಹಾಕುತ್ತದೆ. ಉಳಿದಿದ್ದದ್ದು ಒಂದೇ ಜಾಗ ಎಂದು ನಮ್ಮ ಲೆಕ್ಕ. ಅದಕ್ಕೆ ಧಾರವಾಡದ ಉದ್ದನೆಯ ಆಟಗಾರನೋ, ಮೊಣಕಾಲು ನೋವಿನಿಂದ ಈಗಷ್ಟೇ ಎದ್ದ ನಮ್ಮ ಎಡಗಾಲಿನ ಹುಡುಗನೋ? ಕ್ಷೌರದಂಗಡಿ ಕಾಕಾ ಧಾರವಾಡದವನ ಪರ. “ಕಾರ್ನರ್ ಬಾಲಿಗೆ ತಲಿ ಬೇಕ್ರಿ, ತಲಿ!” ಎಂದು ಕೂಗುತ್ತಿದ್ದರು. ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಬಂದಿದ್ದರು, ಆ ಗಿರಾಕಿಯೂ ಗಲ್ಲದ ಸೋಪಿನ ಸಮೇತ ಹಿಂದೆಯೇ ಬಂದು ಎಡಗಾಲಿನವನ ಪರ ವಾದಕ್ಕೆ ನಿಂತ. ಹೆಸರುಗಳ ಚೀಟಿ ಬರೆಯುವ ಕೆಲಸ ನನ್ನದು. ನಾಲ್ಕೂವರೆ ಆಯಿತು. ಚೀಟಿ ಕೈಗೆತ್ತಿಕೊಂಡೆ. ಇನ್ನೊಮ್ಮೆ ಎಣಿಸಿದೆ. ಹದಿನಾರೇ ಇದ್ದವು!

“ಎರಡ್ ಜಾಗಾ ಅದಾವಲೇ! ಇಬ್ಬರೂ ಹಿಡೀತಾರ!” ಎಂದು ಕೂಗಿದೆ. ಕಾಕಾ ಆ ಸೋಪಿನ ಗಲ್ಲದವನನ್ನೇ ಅಪ್ಪಿಕೊಂಡರು. ಆ ಇನ್ನೊಂದು ಜಾಗ ಎಲ್ಲಿಂದ ಬಂತು ಎಂದು ಒಬ್ಬನೂ ಕೇಳಲಿಲ್ಲ.

ಅದು ನಮ್ಮ ಗೋಲ್‌ಕೀಪರನ ಜಾಗವಾಗಿತ್ತು. ಎಂಟು ವರ್ಷದಿಂದ ಅವನೇ ಗೋಲು ಕಾಯುತ್ತಿದ್ದ. ಅವನು ಬೇಕೋ ಬೇಡವೋ ಎಂದು ಯಾರೂ ಎಂದೂ ವಾದ ಮಾಡಿರಲಿಲ್ಲ, ಹಾಗಾಗಿ ಅವನ ಹೆಸರೇ ಆ ದಿನ ಯಾರ ಬಾಯಲ್ಲೂ ಬರಲಿಲ್ಲ. ಬಾಯಿಗೆ ಬಂದವರ ಹೆಸರನ್ನಷ್ಟೇ ನಾನು ಬರೆದಿದ್ದೆ. ಆಟಗಾರರ ಕೋಟಾದಲ್ಲಿ ನೌಕರಿಗೆ ಅರ್ಜಿ ಹಾಕಲು ಅವನಿಗೆ ಅದೇ ಕಡೆಯ ವರ್ಷ, ಆ ಹಂಗಾಮಿನಲ್ಲಿ ಲೀಗ್ ಆಡಿದ ಸರ್ಟಿಫಿಕೇಟು ಬೇಕೇ ಬೇಕಿತ್ತು. ನಮಗೆಲ್ಲ ಅದು ಗೊತ್ತಿತ್ತು.

ಅಕ್ಕೋರು ಟೈಪ್ ಮುಗಿಸಿ ಕನ್ನಡಕ ಸರಿಮಾಡಿಕೊಂಡರು. “ತಡೀಪಾ ತಮ್ಮಾ, ಓದಿ ಹೇಳ್ತೇನಿ.” ಉಳಿದವರು ಆಗಲೇ ಹೊರಗೆ ಸ್ಕೂಟರ್ ಚಾಲೂ ಮಾಡುತ್ತಿದ್ದರು. “ಟೈಮಿಲ್ರೀ ಅಕ್ಕೋರ್ರೀ!” ಎಂದು ನಾನೇ ಕೈ ಹಾಕಿ ಮಷೀನಿನಿಂದ ಕಾಗದ ಎಳೆದುಕೊಂಡು ಓಡಿದೆ. ರೋಲರು ಕರ್ ಎಂದು ತಿರುಗಿದ್ದು ಈಗಲೂ ಕೇಳಿಸುತ್ತದೆ...

ಮೊದಲ ಪಂದ್ಯದ ದಿನ ರೆಫ್ರಿ ಹೆಸರು ಓದಿ ಮುಗಿಸಿದಾಗ ಗೋಲ್‌ಕೀಪರ್ ಕೈಗವಸು ಹಾಕಿಕೊಂಡು ಗೋಲಿನಲ್ಲಿ ನಿಂತಾಗಿತ್ತು. ಅವನನ್ನು ಹೊರಗೆ ಕಳಿಸಿದರು. ಆ ಸಂಜೆ ನಮ್ಮ ಗುಂಪು ನೆಟ್ಟಗೆ ಅಕ್ಕೋರ ಮನೆಗೆ ನುಗ್ಗಿತು. ಹೆಸರು ಬಿಟ್ಟಿದ್ದು ನೀವೇ ಎಂದು ಎಲ್ಲರೂ ಬಾಯಿಗೆ ಬಂದದ್ದನ್ನೆಲ್ಲ ಅಂದರು. ನಾನು ಬರೆದ ಚೀಟಿ ಗೋಡೆಯ ತಂತಿಗೆ ಚುಚ್ಚಿದ್ದು ಬಾಗಿಲಲ್ಲಿ ನಿಂತ ನನಗೆ ಕಾಣುತ್ತಿತ್ತು. ಅದನ್ನು ತೆಗೆದು ತೋರಿಸಿದ್ದರೆ ಮುಗಿದೇಹೋಗುತ್ತಿತ್ತು. ಅಕ್ಕೋರು ಚೀಟಿ ನೋಡಿದರು, ನನ್ನ ಮುಖ ನೋಡಿದರು.

“ಒಂದ್ ಸಾಲು ನನ್ನ ಕಣ್ ತಪ್ಪಿತ್ರಿ. ತಪ್ಪು ನಂದ” ಎಂದರು.

ನಾನು ಬಾಗಿಲಿಂದಲೇ ಹಿಂದೆ ಸರಿದೆ. ನಾಳೆ ಹೇಳಿದರಾಯಿತು ಎಂದುಕೊಂಡೆ. ನಾಳೆ ವಾರವಾಯಿತು, ವಾರ ವರ್ಷವಾಯಿತು. ಅರ್ಜಿ ಟೈಪ್ ಮಾಡಿಸಲು ಬಂದವರು ಆಮೇಲೆ ಅಕ್ಕೋರ ಎದುರಿಗೇ ಅಕ್ಷರ ಅಕ್ಷರ ಬೆರಳಿಟ್ಟು ಓದಿ ನೋಡತೊಡಗಿದರು. ಅವರು ಕೈಕಟ್ಟಿ ಕೂತಿರುತ್ತಿದ್ದರು. ನಾನು ಅವರ ಮನೆಯ ಮುಂದಿನ ದಾರಿ ಬಿಟ್ಟು ಸುತ್ತುಹಾಕಿ ಮನೆಗೆ ಹೋಗುವ ರೂಢಿ ಮಾಡಿಕೊಂಡೆ. ಹೇಡಿ ನಾನು, ಬೇರೆ ಮಾತು ಯಾಕೆ. ಹೋದ ವರ್ಷ ಅಕ್ಕೋರು ತೀರಿಕೊಂಡರು. ಮಣ್ಣಿಗೆ ಹೋಗಿ ಎಲ್ಲರ ಹಿಂದೆ ನಿಂತು ಬಂದೆ.

ಲಾರಿ ಆಫೀಸಿನಿಂದ ಜರ್ಸಿ ಗಂಟು ಹೊತ್ತು ಸೀದಾ ಗಬ್ಬೂರಿಗೆ ಹೋದೆ. ಬೈಪಾಸಿನ ಹತ್ತಿರ ಗೋಲ್‌ಕೀಪರನ ಪಂಕ್ಚರ್ ಅಂಗಡಿ ಇದೆ. ನೌಕರಿ ಅವನಿಗೆ ಸಿಗಲೇ ಇಲ್ಲ. ಸ್ಟೂಲಿನ ಮೇಲೆ ಕೂತವನೇ ಒಂದೇ ಉಸಿರಿನಲ್ಲಿ ಎಲ್ಲ ಹೇಳಿಬಿಟ್ಟೆ. ಅವನು ಟೈರಿನಿಂದ ತಲೆ ಎತ್ತಲಿಲ್ಲ.

“ಗೊತ್ತದ. ಪಟ್ಟ್ಯಾಗ ಹದಿನೆಂಟು ಹೆಸರಿದ್ವು. ಅಕ್ಕೋರು ಒಂದ್ ಸಾಲು ಬಿಟ್ಟಿದ್ರ ಹದಿನೇಳಾಗಬೇಕಿತ್ತಲ್ಲೋ. ಮರುದಿನಾನ ಹೋಗಿ ಅವರನ್ನ ಕೇಳಿದೆ. ಅಂವ ತಾನಾ ಬಂದು ಹೇಳ್ತಾನ, ನೀ ಕೇಳಾಕ ಹೋಗಬ್ಯಾಡ ಅಂದ್ರು. ನನಗ ಸಿಟ್ಟಿತ್ತು. ಈಗೂ ಅದ. ಅವರ ಮಾತಿಗೆ ಸುಮ್ಮನಿದ್ದೆ.”

ಸ್ವಲ್ಪ ಹೊತ್ತು ಟೈರು ಬಡಿದ. ಆಮೇಲೆ ತಾನೇ ಮುಂದುವರಿಸಿದ.

“ಭೆಟ್ಟಿ ಆದಾಗೆಲ್ಲಾ ಕೇಳೋರು, ಬಂದಿದ್ದನೇನು ಅಂತ. ದವಾಖಾನ್ಯಾಗ ಮಲಗಿದಾಗೂ ಕೇಳಿದ್ರು. ಆವಾಗ ಮಾತ್ರ, ಹೂನ್ರೀ, ಬಂದು ಹೇಳಿದಾ ಅಂತಂದೆ.”

“ಏನಂದ್ರು?” ಎಂದೆ.

“ನಕ್ಕರು. ಭಾಳ ತಡಾ ಮಾಡಿದಾ, ಹುಚ್ಚ, ಅಂದ್ರು.”

ಆ ಮಾತನ್ನು ನಾನು ಅಕ್ಕೋರ ಬಾಯಿಂದಲೇ ಕೇಳಬೇಕಿತ್ತು.