ಮಂಚದ ಕೆಳಗೆ ಹೋಗಿ ಬರುತ್ತಿದ್ದ ಮಶೀನು

ಆ ಮಶೀನು ನಮ್ಮ ಮನೆಗೆ ಬಂದದ್ದು ಸೇಡಂನಿಂದ, ನನ್ನ ತಂಗಿಯ ಚೀಲದಲ್ಲಿ, ಶೇಂಗಾ ಹಿಂಡಿಯ ಡಬ್ಬಿಯ ಜೊತೆಗೆ. ಹಿಟ್ಟು ನಾದುವ ಸಣ್ಣ ಪರಾತದಷ್ಟು ಅಗಲ, ನಾಲ್ಕು ಬೆರಳು ಎತ್ತರ. ತಾನೇ ತಿರುಗಾಡಿ ಕಸ ನುಂಗಿ, ಹೊಟ್ಟೆ ಹಸಿದಾಗ ತಾನೇ ಹೋಗಿ ಕರೆಂಟಿನ ಹತ್ತಿರ ಕೂಡುತ್ತದೆ ಎಂದು ತಂಗಿ ಹೇಳಿದಾಗ ನಮ್ಮ ಮನೆಯವರು ನಕ್ಕರು.

"ಇಷ್ಟು ಶಾಣ್ಯಾ ಇದ್ರ ನೀ ಯಾಕ ಕೊಡ್ಲಿಕತ್ತಿ?" ಎಂದು ಕೇಳಿದರು.

"ಮಾಮಾ, ನಮ್ಮ ಮನ್ಯಾಗ ಹೊಸ್ತಿಲಾನೇ ಏಳು ಅವ. ಒಂದೊಂದು ಖೋಲಿಗಿ ಎತ್ತಿ ಎತ್ತಿ ಇಡೂದ್ರಾಗ ನಾನೇ ಕಸಾ ಹೊಡದು ಮುಗಸ್ತಿದ್ದೆ. ನಿಮ್ಮದು ಒಂದೇ ದೊಡ್ಡ ಪಡಸಾಲಿ." ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದಳು: "ಇಟ್ಕೋ ಅಕ್ಕಾ. ಇದರಿಂದರ ನಿನ್ನ ನಾಯಿ ಮನ್ಯಾಗ ಉಳೀತದೇನು ನೋಡು."

ನಾಯಿಯ ವಿಷಯ ನಮ್ಮ ಮನೆಯಲ್ಲಿ ಸಂಕ್ರಾಂತಿಯಿಂದ ನಡೆದಿತ್ತು. ನಮ್ಮದು ಶಹಾಬಾದ. ಮನೆಯಲ್ಲಿ ನಾವಿಬ್ಬರು, ನಮ್ಮತ್ತಿ, ಒಂದು ಬೆಕ್ಕು, ಒಂದು ಕೆಂಚು ನಾಯಿ. ನಾಯಿಗೆ ಒಂಬತ್ತು ವರ್ಷ. ವಾಡಿಯಲ್ಲಿ ಕೆಲಸ ಮಾಡುವ ನಮ್ಮ ಮನೆಯವರ ಹಿಂದೆ ಒಂದು ಸಂಜೆ ಮರಿಯಾಗಿ ನಡೆದು ಬಂದದ್ದು, ಮತ್ತೆ ಹೊರಗೆ ಹೋಗಲಿಲ್ಲ. ಹಿಂಗಾಲೊಂದು ಜರಾ ಊನ. ಹಗಲೆಲ್ಲ ಅತ್ತಿಯ ಮಂಚದ ಕೆಳಗೆ ಮಲಗುವುದು ಅದರ ಕೆಲಸ. ಈ ಸಲದ ಚಳಿಗೆ ಅತ್ತಿಯವರಿಗೆ ದಮ್ಮು ಜಾಸ್ತಿಯಾಯಿತು. ಡಾಕ್ಟರು ಎದೆಗೆ ಕೊಳವೆ ಹಿಡಿದು ಕೇಳಿ, ಮನೆಯಲ್ಲಿ ಏನೇನು ಸಾಕೀರಿ ಎಂದು ವಿಚಾರಿಸಿದರು. ನಾಯಿ ಒಳಗಿದ್ದರೆ ಅದರ ಕೂದಲು ಒಳಗಿರಬಾರದು, ಕೂದಲು ಇರುತ್ತದೆ ಎಂದರೆ ನಾಯಿ ಇರಬಾರದು. ಕಸಬರಗಿ ಆಡಿಸಿ ಧೂಳು ಎಬ್ಬಿಸುವುದಂತೂ ಬೇಡವೇ ಬೇಡ ಎಂದರು.

ಮನೆಯವರು ಅಲ್ಲಿಯೇ ತೀರ್ಮಾನ ಮಾಡಿದರು. ಕುರಕುಂಟಾದಲ್ಲಿ ನನ್ನ ದೊಡ್ಡ ನಾದಿನಿಯ ಹೊಲವಿದೆ, ಅಲ್ಲಿಗೆ ಕಳಿಸುವುದು. ಆ ಹೊಲದಲ್ಲಿ ಈಗಾಗಲೇ ನಾಲ್ಕು ನಾಯಿಗಳಿವೆ. ಊನ ಕಾಲಿನ, ತಾಟಿನಲ್ಲಿ ಹಾಲು ರೊಟ್ಟಿ ತಿಂದು ಬೆಳೆದ ನಮ್ಮದನ್ನು ಅವು ಒಂದು ವಾರವೂ ಉಣ್ಣಗೊಡುತ್ತಿರಲಿಲ್ಲ. ನಾನು ಯುಗಾದಿ ತನಕ ತಡೆಯಿರಿ ಎಂದು ಕೇಳಿಕೊಂಡೆ. "ಯುಗಾದಿ ತನಕ," ಎಂದರು. "ಅವ್ವನ ಉಸುರು ಹಗುರಾಗ್ಲಿಲ್ಲಂದ್ರ ಆಮ್ಯಾಲ ನೀ ಒಂದು ಮಾತೂ ಆಡಬಾರ್ದು ಮತ್ತ."

ಹೀಗೆ ನಾಯಿಯ ಹಣೆಬರಹ ಈ ನಾಲ್ಕು ಬೆರಳೆತ್ತರದ ಮಶೀನಿನ ಮೇಲೆ ನಿಂತಿತು.

ಮಶೀನು ಮೊದಲ ದಿನವೇ ನನ್ನ ಮನಸ್ಸಿಗೆ ಹಿಡಿಸಿತು. ನಮ್ಮ ಪಡಸಾಲೆಗೆ ಹಾಸಿದ್ದು ಊರಿನ ಬೂದು ಪರಸಿ ಕಲ್ಲು. ಕಲ್ಲು ಕಲ್ಲಿನ ನಡುವಿನ ಸಂದಿಯಲ್ಲಿ ಹೋಗಿ ಕೂತ ಕೂದಲು ಕಸಬರಗಿಗೂ ಬರುತ್ತಿರಲಿಲ್ಲ. ಮಶೀನು ತನ್ನ ಪಕ್ಕದ ಮೂರೆಳೆಯ ಸಣ್ಣ ಬ್ರಶ್ಶಿನಿಂದ ಸಂದಿಯನ್ನು ಕೆದಕಿ, ಹೊಟ್ಟೆಯ ಕೆಳಗೆ ತಳ್ಳಿಕೊಂಡು ಎಳೆದುಕೊಳ್ಳುತ್ತಿತ್ತು. ಗೋಡೆಗೆ ಹೆಗಲು ಹಚ್ಚಿ ಹೋಗುವುದೇನು, ಕಪಾಟಿನ ಕಾಲು ಸುತ್ತುವುದೇನು, ಒಂದು ಸಾಲು ಮುಗಿಸಿ ಪಕ್ಕದ ಸಾಲು ಹಿಡಿಯುವುದೇನು, ಜೋಳ ಬಿತ್ತುವವರ ಕೂರಿಗೆಯ ಹಾಗೆ. ಅವಸರವಿಲ್ಲ, ಬೇಸರವಿಲ್ಲ. ಇವತ್ತು ಆ ಮೂಲೆ ಬಿಡೋಣ ಎನ್ನುವ ಆಲೋಚನೆ ಅದಕ್ಕೆ ಹುಟ್ಟುವುದೇ ಇಲ್ಲ. ಮೂವತ್ತು ವರ್ಷ ಕಸ ಹೊಡೆದವಳು ನಾನು, ಎಷ್ಟು ಮೂಲೆ ಬಿಟ್ಟಿದ್ದೇನೆ ಎಂದು ನನಗೆ ಗೊತ್ತು.

ನಾಯಿ ಎರಡು ದಿನ ಬೊಗಳಿತು. ಮೂರನೆಯ ದಿನ ಅದರ ಹಿಂದೆ ಹಿಂದೆ ನಡೆಯಿತು. ನಾಲ್ಕನೆಯ ದಿನದಿಂದ ಅದು ಮನೆಯವರಲ್ಲೊಬ್ಬರು ಎಂದುಕೊಂಡು ಸುಮ್ಮನಾಯಿತು. ಬೆಕ್ಕು ಮಾತ್ರ ಇವತ್ತಿಗೂ ಕಪಾಟಿನ ಮೇಲಿನಿಂದಲೇ ನೋಡುತ್ತದೆ. ಅತ್ತಿಯದು ಒಂದು ಶರತ್ತು ಇತ್ತು: ಸಂಜೆ ದೀಪ ಹಚ್ಚಿದ ಮೇಲೆ ಕಸ ತೆಗೆಯಬಾರದು. ಅದಕ್ಕೇ ನಾನು ಬೆಳಿಗ್ಗೆ ಅವರ ಲಿಂಗಪೂಜೆ ಮುಗಿದ ಮೇಲೆ ಒಂದು ಸಲ, ನಾಲ್ಕು ಗಂಟೆಯ ಚಹಾದ ಹೊತ್ತಿಗೆ ಒಂದು ಸಲ ಬಿಡುತ್ತಿದ್ದೆ. ಮಂಚದಿಂದ ಇಳಿಬಿಟ್ಟ ಅವರ ಕಾಲಿಗೆ ಅದು ಬಂದು ತಾಗಿ, ನಿಂತು, ಹಿಂದೆ ಸರಿಯುತ್ತಿತ್ತು.

"ನೋಡು, ದಿನಾ ಎರಡು ಹೊತ್ತು ಬಂದು ಕಾಲಿಗಿ ಬೀಳ್ತದ," ಎಂದು ಅತ್ತಿ ಮಗನಿಗೆ ಕೇಳುವ ಹಾಗೆ ಹೇಳುವರು. "ನನ್ನ ಹೊಟ್ಟ್ಯಾಗ ಹುಟ್ಟಿದವ್ರು ಹಬ್ಬಕ್ಕೊಮ್ಮಿ."

ಅದರ ಆರೈಕೆಯನ್ನು ನಾನು ಬೇರೆ ಯಾರಿಗೂ ಬಿಡಲಿಲ್ಲ. ಕಸದ ಡಬ್ಬಿಯನ್ನು ಎರಡು ಹೊತ್ತೂ ಖಾಲಿ ಮಾಡಬೇಕು. ಅದನ್ನೂ ಅಂಗಳದ ತುದಿಗೆ ಒಯ್ದು, ಗಾಳಿ ಮನೆಯ ಕಡೆ ಬೀಸದ ಹಾಗೆ ನಿಂತು. ಅಂಗಾತ ಮಲಗಿಸಿದರೆ ನಡುವೆ ಉದ್ದ ಬ್ರಶ್ಶು. ಅದಕ್ಕೆ ನಾಯಿಯ ಕೂದಲು ಹೆರಳು ಹೆಣೆದ ಹಾಗೆ ಸುತ್ತಿಕೊಳ್ಳುತ್ತದೆ. ಕತ್ತರಿಯ ಒಂದು ತುದಿಯನ್ನು ಅಡಿಗೆ ತೂರಿಸಿ ಉದ್ದಕ್ಕೂ ಕತ್ತರಿಸಿ, ಎಳೆದರೆ ಸಿಪ್ಪೆಯ ಹಾಗೆ ಬರುತ್ತದೆ. ಮುಂದಿನ ಪುಟ್ಟ ಗಾಲಿಯನ್ನು ಕಿತ್ತರೆ ಅದರ ಅಚ್ಚಿನಲ್ಲಿ ಇನ್ನೊಂದು ಉಂಡೆ. ಫಿಲ್ಟರನ್ನು ಸೋಮವಾರ ತೊಳೆದು ಒಂದು ದಿನ ಪೂರ್ತಿ ನೆರಳಿನಲ್ಲಿ ಒಣಗಿಸುತ್ತಿದ್ದೆ. ಒಮ್ಮೆ ಹಸಿ ಇರುವಾಗಲೇ ಹಾಕಿದ್ದೆ, ಒಳಗಿನ ಧೂಳು ಕೆಸರಾಗಿ ಮಶೀನು ಮುಗ್ಗಲು ನಾತ ಹೊಡೆಯಿತು. ಅಂದಿನಿಂದ ಸೋಮವಾರ ಅದಕ್ಕೂ ಉಪವಾಸ.

ಇಷ್ಟೆಲ್ಲ ಮಾಡಿದರೂ ಅತ್ತಿಯ ಉಸಿರು ಹಗುರವಾಗಲಿಲ್ಲ. ನೆಲ ಕನ್ನಡಿಯ ಹಾಗೆ ಇತ್ತು, ಬರಿಗಾಲಿಗೆ ಒಂದು ಹರಳು ತಾಗುತ್ತಿರಲಿಲ್ಲ, ಆದರೆ ಅತ್ತಿ ಕೂತರೆ ಕೆಮ್ಮು, ಮಲಗಿದರೆ ಸೊಂಯ್ ಎನ್ನುವ ಸದ್ದು. ಯುಗಾದಿಗೆ ಹತ್ತು ದಿನ ಇರುವಾಗ, ಒಂದು ಗುರುವಾರ ಮಧ್ಯಾಹ್ನ, ಊಟಕ್ಕೆ ಕೂತವರಿಗೆ ಉಸಿರು ಸಿಕ್ಕಿಹಾಕಿಕೊಂಡು ತುಟಿ ನೀಲಿಯಾದವು. ಡಾಕ್ಟರ ಹತ್ತಿರ ಹೋಗಿ, ಮೂಗಿಗೆ ಹೊಗೆಯಂಥ ಔಷಧ ಕೊಡಿಸಿಕೊಂಡು ಬಂದ ಮೇಲೆ ಮನೆಯವರು ಅಂಗಿಯನ್ನೂ ಬಿಚ್ಚದೆ ಕುರಕುಂಟಾದ ಅಕ್ಕನಿಗೆ ಫೋನು ಹಚ್ಚಿದರು.

"ಆಯ್ತವಾರ ಮುಂಜಾನಿ ಟಂಟಂ ಕಳಸು. ನಾಯಿ ಒಯ್ಲಿ."

ನಾನು ಒಂದು ಮಾತೂ ಆಡಲಿಲ್ಲ. ಆಡುವುದಿಲ್ಲ ಎಂದು ಒಪ್ಪಿಕೊಂಡಿದ್ದೆ.

ಶುಕ್ರವಾರ ಬೆಳಿಗ್ಗೆ, ಅದಕ್ಕೆ ಇನ್ನು ಎರಡೇ ದಿನ ಎಂದು ನಾಯಿಯ ತಲೆ ಸವರಲು ನೆಲಕ್ಕೆ ಕೂತೆ. ಅದು ಮಂಚದ ಕೆಳಗಿನಿಂದ ಮುಖ ಮಾತ್ರ ಹೊರಗೆ ಹಾಕಿತ್ತು. ಮಂಚ ಎಂದರೆ ಹಳೆಯ ಸಾಗವಾನಿಯದು, ನೆಲದಿಂದ ಒಂದು ಮೊಳ ಎತ್ತರ. ಅತ್ತಿಯ ಕೌದಿ ಸುತ್ತಲೂ ನೆಲದ ತನಕ ಇಳಿಬಿದ್ದಿರುತ್ತದೆ. ಆ ಕೌದಿಯನ್ನು ಎತ್ತಿದೆ. ಒಳಗೆ ಕೆಂಚು ಬೂದಿ ಬಣ್ಣದ ಕೂದಲು, ಧೂಳು ಕೂಡಿ, ಬಿಚ್ಚಿದ ಹತ್ತಿಯ ಅರಳೆಯ ಹಾಗೆ ತುಂಬಿಕೊಂಡಿತ್ತು. ನಾನು ಬಾಗಿ ಉಸಿರು ಬಿಟ್ಟಷ್ಟಕ್ಕೇ ಅದು ಎದ್ದು ತೇಲಿತು. ನೇರ ಮೇಲೆ ಅತ್ತಿಯ ತಲೆದಿಂಬು.

ನನಗೆ ನಂಬಿಕೆಯೇ ಬರಲಿಲ್ಲ. ಮಶೀನು ದಿನಕ್ಕೆ ಎರಡು ಸಲ ಕೌದಿಯನ್ನು ತಲೆಯಿಂದ ಸರಿಸಿ ಒಳಗೆ ಹೋಗುವುದನ್ನು ನಾನೇ ಕಂಡಿದ್ದೆ. ಹೋಗುತ್ತಿತ್ತು, ಬರುತ್ತಿತ್ತು. ಹೋಗಿ ಬಂತು ಎಂದರೆ ಕೆಲಸ ಆಯಿತು ಎಂದು ತಿಳಿದು, ನಾನು ಚಹಾ ಕುಡಿಯುತ್ತ ಮೆಚ್ಚಿಕೊಳ್ಳುತ್ತ ಕೂತಿದ್ದೆ.

ಕೌದಿಯನ್ನು ಎತ್ತಿ ಮಂಚದ ಮೇಲೆ ಮಡಚಿ, ಮಶೀನನ್ನು ಬಿಟ್ಟು ನೋಡಿದೆ. ಅದು ಒಳಗೆ ಹೋಯಿತು, ಒಂದು ಮೊಳ ಹೋದದ್ದು ಥಟ್ಟನೆ ನಿಂತಿತು, ಹಿಂದೆ ಸರಿಯಿತು. ಬೇರೆ ಕಡೆಯಿಂದ ಹೋಯಿತು, ಅಲ್ಲಿಯೂ ನಿಂತಿತು. ನಿಂತ ಜಾಗದಿಂದ ಆಚೆಗೆ ಕಲ್ಲಿನ ಬಣ್ಣ ಬೇರೆ. ನಮ್ಮ ಮಾವ ಕಲ್ಲಿನ ಖಣಿಯಲ್ಲಿ ಕೆಲಸ ಮಾಡುತ್ತಿದ್ದವರು. ಬೇಸಿಗೆಯಲ್ಲಿ ಕೂಡಲು ತಂಪಿರಲಿ ಎಂದು ಈ ಮೂಲೆಗೆ ಮಾತ್ರ ನುಣ್ಣಗೆ ತೀಡಿದ ಕರಿ ಕಲ್ಲನ್ನು ತರಿಸಿ ತಾವೇ ಕೂಡಿಸಿದ್ದರು. ಅವರು ಹೋದ ಮೇಲೆ ಅದರ ಮೇಲೆ ಅತ್ತಿಯ ಮಂಚ ಬಂತು. ಆ ತಂಪಿಗೇ ನಾಯಿ ಅಲ್ಲಿ ಮಲಗುವುದು.

"ಅದು ಕರಿ ಕಲ್ಲಿಗಿ ಅಂಜತದವ್ವ," ಎಂದರು ಮೇಲಿನಿಂದ ಅತ್ತಿ.

"ನಿಮಗ ಗೊತ್ತಿತ್ತೇನ್ರಿ ಅತ್ಯಾ?"

"ಗೊತ್ತಿರಲಾರದೇನು? ದಿನಾ ನನ್ನ ಬೆನ್ನ ಕೆಳಗ ಬಂದು ಗರ್ ಅಂತಿದ್ದದ್ದು ಸುಮ್ಮ ಆಗ್ತದ, ಆಮ್ಯಾಲ ಹಿಂದಕ್ಕ ಹೋಗ್ತದ."

"ಮತ್ತ ಹೇಳಬಾರದೇನ್ರಿ!"

"ನೀ ಕೇಳಿದಿಯೇನು? ಅದಕ್ಕ ಎಲ್ಲಾ ತಿಳೀತದ, ಅದಕ್ಕ ಎಲ್ಲಾ ತಿಳೀತದ ಅಂತ ಓಣಿ ತುಂಬ ಹೇಳ್ಕೋತ ಹೊಂಟಿದ್ದಿ. ಏನೋ ನಾಯಿ ಮಲಗ್ಯಾದ ಅಂತ ಮರ್ಯಾದಿ ಕೊಡ್ಲಿಕತ್ತದ ಅನ್ಕೊಂಡೆ."

ತಂಗಿಗೆ ಫೋನು ಮಾಡಿದೆ. ಅವಳು ಯಾರನ್ನೋ ಕೇಳಿ ತಿಳಿದು ಹೇಳಿದಳು. ಮಶೀನಿನ ಹೊಟ್ಟೆಯ ಕೆಳಗೆ ಕಣ್ಣುಗಳಿವೆ. ಅವು ನೆಲಕ್ಕೆ ಬೆಳಕು ಬಿಡುತ್ತವೆ. ಬೆಳಕು ತಿರುಗಿ ಬಂದರೆ ನೆಲ ಇದೆ, ಬಾರದಿದ್ದರೆ ಮುಂದೆ ಮೆಟ್ಟಿಲು ಇದೆ, ಬೀಳುತ್ತೇನೆ ಎಂದು ಅದರ ಲೆಕ್ಕ. ಕರಿ ಕಲ್ಲು ಬೆಳಕನ್ನೇ ನುಂಗಿಬಿಡುತ್ತದೆ. ಪಾಪ, ನಮ್ಮ ಮಂಚದ ಕೆಳಗೆ ಅದಕ್ಕೆ ದಿನಾಲೂ ಬಾವಿ ಕಾಣುತ್ತಿತ್ತು. ಆ ಕಣ್ಣುಗಳ ಮೇಲೆ ಬಿಳಿ ಕಾಗದ ಅಂಟಿಸು, ಅಂಜುವುದಿಲ್ಲ ಎಂದಳು.

ಶನಿವಾರ ಮುಂಜಾನೆ ಅತ್ತಿಯನ್ನು ಅಂಗಳದಲ್ಲಿ ಕೂಡಿಸಿ, ಕಾಗದ ಅಂಟಿಸಿ ಬಿಟ್ಟೆ. ಕರಿ ಕಲ್ಲಿನ ಮೇಲೆ ಅದು ಹೋದ ಚಂದ ನೋಡಬೇಕಿತ್ತು! ಒಂದೊಂದೇ ಸಾಲು, ಒಂದೊಂದೇ ಸಾಲು, ಅರಳೆಯನ್ನೆಲ್ಲ ಎಳೆದುಕೊಂಡು. ಮೂರು ಸಲ ಡಬ್ಬಿ ಖಾಲಿ ಮಾಡಿದೆ. ಮೂರನೆಯ ಸಲ ನಾನು ಖಾಲಿ ಮಾಡಿ ಬಿಟ್ಟು, ಕೈ ತೊಳೆಯಲು ಹೋದೆ. ಮಶೀನು ಮಂಚದ ಕೆಳಗಿನಿಂದ ಹೊರಬಂದು, ಪಡಸಾಲೆ ದಾಟಿ, ಅದೇ ಸಮಾಧಾನದಲ್ಲಿ ಎರಡು ಮೆಟ್ಟಿಲು ಕೆಳಗೆ, ಅತ್ತಿಯ ಕಾಲ ಬಳಿ ಬಿತ್ತು.

ಮೇಲಿನ ಮುಚ್ಚಳ ಒಂದು ಕಡೆ ಸೀಳಿತ್ತು. ತಿರುಗಿಸಿ ನೋಡಿದರೆ ಗಾಲಿಗಳು ಇನ್ನೂ ತಿರುಗುತ್ತಿದ್ದವು.

"ಕಣ್ಣು ಕಟ್ಟಿ ಬಿಟ್ರ ಬೀಳದ ಏನು ಮಾಡ್ತದ," ಎಂದರು ಮನೆಯವರು. ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಅಂಟುಪಟ್ಟಿ ತಂದು ಸೀಳಿದ್ದನ್ನು ಅವರೇ ಜೋಡಿಸಿದರು. ನಾನು ಕಾಗದ ಕಿತ್ತೆ. ಆ ದಿನ ಅತ್ತಿ ಮಂಚಕ್ಕೆ ಹೋಗಿ ಮಲಗಿದವರು ಮಧ್ಯಾಹ್ನ ಪೂರ್ತಿ ನಿದ್ದೆ ಮಾಡಿದರು. ಸೊಂಯ್ ಇತ್ತು, ಆದರೆ ದೂರದಲ್ಲಿ ಇದ್ದ ಹಾಗಿತ್ತು.

ಎದ್ದು ಚಹಾ ಕುಡಿಯುವಾಗ ನಾನು ನಾಳೆಯಿಂದ ಮೆಟ್ಟಿಲಿಗೆ ಹಲಗೆ ಅಡ್ಡ ಇಟ್ಟು, ಕಾಗದ ಅಂಟಿಸಿ ಬಿಡುತ್ತೇನೆ ಎಂದೆ. ಇಲ್ಲವೆ ಮಂಚವನ್ನೇ ಆಚೆಗೆ ಸರಿಸೋಣ ಎಂದೆ.

"ಮಂಚ ಸರಸಬ್ಯಾಡ, ಕಿಡಕಿ ಗಾಳಿ ಇಲ್ಲೇ ಅದ. ಹಲಗಿ ನೀ ಒಂದಿನ ಮರೀತಿ, ಅದು ಮತ್ತ ಬೀಳ್ತದ," ಎಂದರು ಅತ್ತಿ. ಬಟ್ಟಲಿನಲ್ಲಿ ಉಳಿದ ಚಹಾವನ್ನು ಕುಡಿದು ಕೆಳಗಿಟ್ಟು, "ಕಲ್ಲು ತಗಸ್ರಿ," ಎಂದರು.

ನಾವಿಬ್ಬರೂ ಅವರ ಮುಖ ನೋಡಿದೆವು. ಆ ಮೂಲೆಯಲ್ಲಿ ಮೊಳೆ ಹೊಡೆಯಲೂ ಅವರು ಬಿಟ್ಟವರಲ್ಲ.

"ಅವ್ವಾ, ಅಪ್ಪ ಹಾಕಿದ್ದು."

"ತಂಪಾಗಿ ಕುಂದರ್ಲಿಕ್ಕ ಹಾಕಿದ್ದು. ಉಸುರೇ ಬರಲಿಲ್ಲಂದ್ರ ಯಾರು ಕುಂದರ್ತಾರ? ಗೌಂಡಿಗಿ ಹೇಳು, ನಮ್ಮ ಬೂದು ಪರಸಿ ಹಾಕಲಿ."

"ನಾಳಿ ಟಂಟಂ ಬರ್ತದ. ಅಕ್ಕಗ ಹೇಳಿ ಆಗ್ಯಾದ."

"ಬರ್ಲಿ. ಖಾಲಿ ಯಾಕ ಕಳಸ್ತಿ, ಕಲ್ಲು ಹಾಕಿ ಕಳಸು. ಆಕಿ ಹೊಲದ ಬಾವಿ ಕಡೀಗಿ ಅರಬಿ ಒಗೀಲಿಕ್ಕ ಚಂದ ಆಗ್ತಾವ."

ನಾಯಿಯ ಬಗ್ಗೆ ಅತ್ತಿ ಏನೂ ಹೇಳಲಿಲ್ಲ. ಮನೆಯವರೂ ಹೇಳಲಿಲ್ಲ. ನಾನು ಕೇಳಲಿಲ್ಲ.

ಆಯ್ತವಾರ ಗೌಂಡಿ ಏಳಕ್ಕೇ ಬಂದ. ಮಂಚವನ್ನು ಪಕ್ಕಕ್ಕೆ ಸರಿಸಿ, ಸಬ್ಬಲ ಹಚ್ಚಿ ಒಂದೊಂದೇ ಕಲ್ಲನ್ನು ಎಬ್ಬಿಸಿದ. ಧೂಳಿಗೆ ಅತ್ತಿಯನ್ನು ಪಕ್ಕದ ಮನೆಗೆ ಕಳಿಸಿದ್ದೆವು. ಅವರು ಮೂಗಿಗೆ ಸೆರಗು ಹಿಡಿದು ಆ ಮನೆಯ ಕಟ್ಟೆಯಿಂದಲೇ, ಒಡೀಬ್ಯಾಡ, ಮೆಲ್ಲಕ ಎತ್ತು ಎಂದು ಕೂಗುತ್ತಿದ್ದರು. ಒಂದೂ ಒಡೆಯಲಿಲ್ಲ. ಒಂಬತ್ತಕ್ಕೆ ಟಂಟಂ ಬಂತು. ಹೊಡೆದುಕೊಂಡು ಬಂದವರು ನಾದಿನಿಯ ಊರಿನವರು, ಕೈಯಲ್ಲಿ ನಾಯಿ ಕಟ್ಟಲು ಹಗ್ಗ ಹಿಡಿದುಕೊಂಡೇ ಇಳಿದರು.

"ಏನ್ರಿ ಅಕ್ಕೋರ, ನಾಯಿ ಒಯ್ಯಲಿಕ್ಕ ಬಾ ಅಂದ್ರು, ಕಲ್ಲು ಹೇರಲಿಕತ್ತೀರಿ?"

"ಚಹಾ ಕುಡೀರಿ ಮೊದಲ," ಎಂದೆ.

ಕಲ್ಲು ಹೇರಿ ಮುಗಿಯುವ ಹೊತ್ತಿಗೆ ನಾಯಿ ತಾನೇ ಹೊರಗೆ ಬಂತು. ಬೆಳಗಿನಿಂದ ತನ್ನ ಜಾಗ ಹುಡುಕಿ ಹುಡುಕಿ ಸಾಕಾಗಿತ್ತು ಅದಕ್ಕೆ. ಟಂಟಂ ಸುತ್ತ ಒಂದು ಸಲ ಮೂಸಿ ನೋಡಿ, ಊನ ಕಾಲನ್ನು ಎಳೆದುಕೊಂಡು ಹತ್ತಿ, ಕರಿ ಕಲ್ಲಿನ ಮೇಲೆ ಸುರುಳಿ ಸುತ್ತಿ ಮಲಗಿಯೇ ಬಿಟ್ಟಿತು.

"ತಗೋರಿ, ಹಗ್ಗದ ಕೆಲಸನೇ ಉಳೀಲಿಲ್ಲ," ಎಂದು ಟಂಟಂದವರು ನಕ್ಕು, ಸೀಟಿಗೆ ಹತ್ತಿ ಗಾಡಿ ಚಾಲೂ ಮಾಡಿದರು.

ನಾನು ಬಾಗಿಲಲ್ಲಿ ನಿಂತಿದ್ದೆ, ಅತ್ತಿ ಪಕ್ಕದ ಮನೆಯ ಕಟ್ಟೆಯ ಮೇಲೆ. ಇಬ್ಬರೂ ಮನೆಯವರನ್ನೇ ನೋಡುತ್ತಿದ್ದೆವು. ಅವರು ಒಂದು ಗಳಿಗೆ ಹಾಗೇ ನಿಂತರು.

"ಏ, ಬಂದ ಮಾಡ್ರಿ, ಬಂದ ಮಾಡ್ರಿ!" ಎಂದು ಕೂಗಿ, ಗಾಡಿಯ ಹಿಂದೆ ಹೋಗಿ, ಒಂಬತ್ತು ವರ್ಷದ ಆ ಭಾರವನ್ನು ಎರಡೂ ತೋಳಿನಲ್ಲಿ ಎತ್ತಿ ಇಳಿಸಿಕೊಂಡರು. ಬಿಳಿ ಅಂಗಿಯ ಎದೆ ತುಂಬ ಕೆಂಚು ಕೂದಲು.

"ಒಳಗ ಹೋಗೂ ಮೊದಲ ಅಂಗಿ ಝಾಡಿಸ್ಕೊಳ್ರಿ," ಎಂದೆ.