ಬೀದಿಗೆ ಮರಳಿದ ಪಾವು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತಮಿಳುನಾಡಿನ ಪಲ್ಲಡಂ ಹತ್ತಿರದ ಈ ನೇಕಾರರ ಬೀದಿಯಲ್ಲಿ ಈಶ್ವರಿ ಗಂಜಿಯ ಕುಂಚ ಹಿಡಿದು ನಿಂತಿದ್ದಾರೆ. ಬೀದಿಯುದ್ದಕ್ಕೂ ಸೊಂಟದೆತ್ತರದಲ್ಲಿ ನೂಲು ಎಳೆದು ಕಟ್ಟಿದೆ. ಮಗ್ಗಕ್ಕೇರುವ ಮೊದಲು ಹಾಸುನೂಲಿಗೆ ಹೀಗೆ ಗಂಜಿ ಕುಡಿಸಬೇಕು. ಹೀಗೆ ಎಳೆದು ಕಟ್ಟಿದ ನೂಲನ್ನು ಇಲ್ಲಿಯವರು ಪಾವು ಎನ್ನುತ್ತಾರೆ. ಬಿಸಿಲೇರಿದರೆ ಎಳೆಗಳು ಒಂದಕ್ಕೊಂದು ಅಂಟಿ ಕೆಡುತ್ತವೆ.

"ಏ ಕಲಾ, ಮೆಲ್ಲಗೆ ಎಳಿ. ಅದು ನೂಲು, ನಿನ್ ಗಂಡನ್ ಕಿವಿ ಅಲ್ಲ."

ಪಕ್ಕದ ಮನೆಯ ಕಲಾ ನಗುತ್ತಾರೆ. ಪೊಂಗಲ್‌ನಿಂದ ಕಳೆದ ವಾರದವರೆಗೆ ಬೀದಿಯಲ್ಲಿ ಈ ನಗು ಇರಲಿಲ್ಲ. ಎದುರುಮನೆಯ ವೆಂಕಟಾಚಲಂ ಕೋರ್ಟಿನಿಂದ ತಡೆಯಾಜ್ಞೆ ತಂದಿದ್ದರು: ಈಶ್ವರಿ ಮತ್ತು ಅವರ ಕಡೆಯವರು ಬೀದಿಯಲ್ಲಿ ಪಾವು ಎಳೆಯಕೂಡದು. ವೆಂಕಟಾಚಲಂ ಕೂಡ ನೇಕಾರರ ಮಗನೇ. ತಿರುಪ್ಪೂರಿನ ಬನಿಯನ್ ವ್ಯಾಪಾರಕ್ಕಿಳಿದು ಮನೆಯ ಹಿಂದೆ ಗೋದಾಮು ಕಟ್ಟಿಸಿದ ಮೇಲೆ ಅವರ ವ್ಯಾನಿಗೆ ಬೆಳಗಿನ ದಾರಿ ಬೇಕಾಯಿತು.

"ಕಾಗದ ತಂದವನು ಓದಿ ಹೇಳ್ದ. ಗಂಜಿ ಪಾತ್ರೆ ಕೈಲೇ ಇತ್ತು. ಗಂಜಿ ಹಂಗೇ ಆರಿಹೋಯ್ತು" ಎನ್ನುತ್ತಾರೆ ಈಶ್ವರಿ.

ಅವರ ಗಂಡ ಮಾರಿಮುತ್ತು ಸಿಟ್ಟಿಗೆದ್ದರು. "ಎಳಿ, ಯಾವನ್ ಬಂದು ಕೀಳ್ತಾನೆ ನೋಡ್ತೀನಿ!"

ತಡೆದದ್ದು ಇವರ ಕಡೆಯ ವಕೀಲ ಬಾಲಸುಬ್ರಮಣಿಯನ್. ಒಂದು ಕಡೆಯ ಮಾತಷ್ಟೇ ಕೇಳಿ ಕೊಟ್ಟ ಆಜ್ಞೆಯಾದರೂ ಆಜ್ಞೆಯೇ, ಮೀರಿದರೆ ಜೈಲು ಎಂದರು. ಅದೇ ಕೋರ್ಟಿನಲ್ಲಿ ಆಕ್ಷೇಪಣೆ ಹಾಕಿ ತೆರವು ಕೇಳಬಹುದು. ಆಗದಿದ್ದರೆ ಮೇಲಿನ ಕೋರ್ಟಿಗೆ ಹೋಗಬಹುದು. ಇಲ್ಲವೇ ಕೂತು ರಾಜಿಯಾಗಬಹುದು. ಈಶ್ವರಿ ಮೊದಲು ಎದುರುಮನೆಯ ಬಾಗಿಲಿಗೇ ಹೋದರು. "ಅತ್ತೆ, ಏನಿದ್ರೂ ವಕೀಲರತ್ರ ಹೇಳಿ" ಎಂದು ವೆಂಕಟಾಚಲಂ ಒಳಗೆ ಹೋದರಂತೆ. ಆಮೇಲೆ ಈಶ್ವರಿ ಆಕ್ಷೇಪಣೆ ಹಾಕಿಸಿದರು.

ಕೋರ್ಟು ಹೇಳುವವರೆಗೆ ಪಾವು ಊರಾಚೆಯ ಹುಣಿಸೆ ತೋಪಿನಲ್ಲಿ. ಅಲ್ಲಿ ಗಾಳಿ, ಧೂಳು, ಮೇಕೆ. "ಗಂಜಿ ವಾಸನೆಗೆ ಬಂದು ನೂಲೇ ಜಗಿದ್ಬಿಟ್ವು. ಮೇಕೆ ಮೇಲೆ ಯಾವ ಕೋರ್ಟಿಗೆ ಹೋಗ್ಲಿ?" ಹರಿದ ನೂಲಿಗೆ ಕೂಲಿಯಿಲ್ಲ. ಬೀದಿ ಸಿಗದಿದ್ದರೆ ಮಗ್ಗ ಮಾರುವುದೆಂದು ಮನೆಯಲ್ಲಿ ಮಾತಾಗಿತ್ತು.

ಬೀದಿಯಲ್ಲಿ ಪಾವು ಎಳೆಯುವುದು ಈಚೆಗೆ ಶುರುವಾದ ತೊಂದರೆ ಎಂದು ವೆಂಕಟಾಚಲಂ ದಾವೆಯಲ್ಲಿ ಬರೆಸಿದ್ದರು. ಬಾಲಸುಬ್ರಮಣಿಯನ್ ಕೇಳಿಕೊಂಡಂತೆ, ಬೀದಿ ನೋಡಿ ವರದಿ ಕೊಡಲು ಕೋರ್ಟು ಒಬ್ಬ ಕಮಿಷನರನ್ನು ಕಳಿಸಿತು. ಆದರೆ ನೋಡಲು ಪಾವೇ ಇಲ್ಲ, ಎಳೆದರೆ ಆಜ್ಞೆ ಮೀರಿದಂತೆ. ಈಶ್ವರಿ ಪೊರಕೆ ತಂದು ವೆಂಕಟಾಚಲಂ ಮನೆಯ ಮುಂದಿನ ಧೂಳು ಗುಡಿಸಿದರು. ಚಪ್ಪಡಿಯಲ್ಲಿ ಪಾವಿನ ಕಂಬ ನಿಲ್ಲಿಸುವ ಗುಳಿ ಕಂಡಿತು. ತಲೆಮಾರುಗಳ ಕಂಬ ತಿರುಗಿ ಅದರ ಅಂಚು ನುಣುಪಾಗಿತ್ತು. ಕಮಿಷನರ್ ಕೂತು ಕೈಯಿಟ್ಟು ನೋಡಿದರು. ಮೊಳಕೈಯ ಹತ್ತಿರದವರೆಗೆ ಇಳಿಯಿತು.

"ಅದು ವೆಂಕಟಾಚಲಂ ಅಜ್ಜನೇ ಕೊರೆಸಿದ್ದು. ಆಗ ಈ ಬೀದೀಲಿ ಜಾಗಕ್ಕೇ ಜಗಳ. ಮದ್ವೆ ಮೆರವಣಿಗೆ ಬಂದ್ರೂ ಪಾವು ಬಿಚ್ಚೋವರ್ಗೂ ಮದ್ಲಿಂಗ ಮೂಲೇಲಿ ನಿಂತಿರ್ತಿದ್ದ. ಮಕ್ಳೆಲ್ಲ ನೂಲಿನ ಕೆಳಗೇ ನಡೆಯೋದು ಕಲ್ತವು" ಎನ್ನುತ್ತಾರೆ ಈಶ್ವರಿ.

ಆ ವರದಿ ನೋಡಿ ಕಳೆದ ವಾರ ಕೋರ್ಟು ಆಜ್ಞೆ ಸಡಿಲಿಸಿತು: ಬೆಳಗ್ಗೆ ಎಂಟರವರೆಗೆ ಪಾವು, ಆಮೇಲೆ ವ್ಯಾನು. ಮೂಲ ದಾವೆ ಇನ್ನೂ ಬಾಕಿ ಇದೆ. ಸುತ್ತಲೂ ಪವರ್‌ಲೂಮಿನ ಸದ್ದು ಏರುತ್ತಿದೆ, ಅದಕ್ಕೆ ಬೀದಿ ಬೇಡ. ಗೆದ್ದ ಬೀದಿಯಲ್ಲಿ ಇಂದು ಇರುವುದು ಒಂದೇ ಪಾವು.

ಎದುರು ಬಾಗಿಲು ತೆರೆಯುತ್ತದೆ. ಬಿಳಿ ಷರ್ಟು, ಕೈಯಲ್ಲಿ ಚರ್ಮದ ಚೀಲ. ವೆಂಕಟಾಚಲಂ ಯಾರ ಮುಖವನ್ನೂ ನೋಡುವುದಿಲ್ಲ. ಚೀಲ ಎದೆಗೊತ್ತಿ, ನಡು ಬಗ್ಗಿಸಿ, ತಲೆ ತಗ್ಗಿಸಿ, ಒದ್ದೆ ನೂಲಿಗೆ ಒಂದು ಕೂದಲೂ ತಾಕದಂತೆ ಕೆಳಗೆ ನುಸುಳಿ ಆಚೆ ಎದ್ದು ನಡೆಯುತ್ತಾರೆ.

ಈಶ್ವರಿಯ ಕುಂಚ ನಿಂತಿದೆ.

"ಚಿಕ್ಕೋನಿದ್ದಾಗ ಅವನಮ್ಮ ಮಗ್ಗದ ಮೇಲಿರೋಳು. ಅವನ್ ತಲೆ ಹಿಡಿದು ಹಂಗೆ ಬಗ್ಗಿಸಿ ಕಲಿಸ್ದೋಳು ನಾನೇ," ಎಂದು ಮತ್ತೆ ಗಂಜಿ ಹಚ್ಚುತ್ತಾರೆ.